8 + 4 = □ + 5 ಕೊಟ್ಟರೆ 12 ಬರೆಯುವ ಮಕ್ಕಳು

ಪ್ರಶ್ನೆ (ಐದನೇ ಕ್ಲಾಸ್ ಮೇಷ್ಟ್ರು):
ಮೇಲಿನ ಲೆಕ್ಕಕ್ಕೆ (ಸರಿ ಉತ್ತರ 7) ಹೆಚ್ಚಿನ ಮಕ್ಕಳು 12 ಅಂತ ಬರೆಯುತ್ತಾರೆ, ಕೆಲವರು 17. ಕೂಡುವುದರಲ್ಲಿ ಯಾರೂ ಹಿಂದಿಲ್ಲ. ತಕ್ಕಡಿ ಚಿತ್ರ ತೋರಿಸಿದರೆ ತಲೆಯಾಡಿಸುತ್ತಾರೆ, ಮರುದಿನ ಮತ್ತೆ 12. ಎಲ್ಲಿಂದ ಶುರು ಮಾಡಬೇಕು?

ಲೆಕ್ಕದ ಪುಟ:
12 ಮತ್ತು 17 ಬೇರೆ ಬೇರೆ ತಪ್ಪುಗಳು, ಒಟ್ಟಿಗೆ ತಿದ್ದಬೇಡಿ. 12 ಬರೆದ ಮಗುವಿಗೆ = ಅಂದರೆ "ಇಲ್ಲಿ ಉತ್ತರ ಬರಿ" ಅಂತ; ಆಚೆಗಿನ + 5 ಅದರ ಕಣ್ಣಿಗೇ ಬೀಳುವುದಿಲ್ಲ. 17 ಬರೆದದ್ದು ಕಂಡ ಅಂಕಿಯನ್ನೆಲ್ಲ ಕೂಡಿದೆ.

ಇದಕ್ಕೆ ನಮ್ಮ ಮಾತೂ ಕಾರಣ. "ಎಂಟಕ್ಕೆ ನಾಲ್ಕು ಕೂಡಿಸಿದರೆ ಎಷ್ಟು ಬರುತ್ತೆ?" ಅಂತಲೇ ಒಂದನೇ ಕ್ಲಾಸಿನಿಂದ ಕೇಳುತ್ತೇವೆ. ಬರೆಸುವ ಲೆಕ್ಕದಲ್ಲೂ ಖಾಲಿ ಜಾಗ ಯಾವಾಗಲೂ ಬಲತುದಿಯಲ್ಲೇ. 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ = ಗುರುತು ತಂದದ್ದು "ಇದಕ್ಕೆ ಸಮ" ಅಂತ ಪದೇ ಪದೇ ಬರೆಯುವುದನ್ನು ತಪ್ಪಿಸಲು. ಹಾಗೇ ಓದಿಸಿ: "ಎಂಟು ಕೂಡಿಸು ನಾಲ್ಕು, ಇದಕ್ಕೆ ಸಮ…"

ಒಂದು ವಾರ ಉತ್ತರ ಬರೆಸುವುದೇ ಬೇಡ, ಸರಿಯೋ ತಪ್ಪೋ ಅಷ್ಟೇ ಕೇಳಿ. 12 = 8 + 4. 7 = 7. 3 + 5 = 5 + 3. 8 + 4 = 12 + 5. ಮೊದಲನೆಯದನ್ನೇ ಹಲವರು "ಉಲ್ಟಾ ಇದೆ, ತಪ್ಪು" ಅನ್ನುತ್ತಾರೆ; 7 = 7 ನೋಡಿ "ಲೆಕ್ಕವೇ ಇಲ್ಲವಲ್ಲ" ಅನ್ನುತ್ತಾರೆ. ಆ ಜಗಳ ಅವರವರಲ್ಲೇ ನಡೆಯಲಿ. ಆಮೇಲೆ 38 + 27 = □ + 26 ಕೊಟ್ಟು, ಕೂಡದೆ ಹೇಳಿ ಅನ್ನಿ. 27ರಿಂದ 26ಕ್ಕೆ ಒಂದು ಇಳಿದಿದೆ, ಆದ್ದರಿಂದ 38 ಒಂದು ಏರಿ 39 ಆಗಬೇಕು ಎಂದರೆ ವಿಷಯ ಹಿಡಿದರು ಅಂತ ಲೆಕ್ಕ.

ಸೀಮೆಸುಣ್ಣ:
ನೋಟ್‌ಬುಕ್‌ನಲ್ಲಿ ಇನ್ನೊಂದು ರೋಗ ಇರುತ್ತದೆ, ನೋಡಿ. 12 ರೂಪಾಯಿಯ 3 ಪೆನ್ನು, 25 ರೂಪಾಯಿಯ ಒಂದು ಪುಸ್ತಕ, 100 ಕೊಟ್ಟರೆ ಚಿಲ್ಲರೆ ಎಷ್ಟು?
3 × 12 = 36 + 25 = 61, 100 − 61 = 39.
ಉತ್ತರ ಸರಿ, ಪೂರ್ತಿ ಅಂಕವೂ ಸಿಗುತ್ತದೆ. ಆದರೆ ಮೊದಲ ಸಾಲಿನ ಪ್ರಕಾರ 36 ಮತ್ತು 61 ಸಮ! ಅಂಕ ಕಳೆಯದಿದ್ದರೂ ಸರಿ, ಹಂತಕ್ಕೊಂದು ಸಾಲು ಬರೆಸಿ. ಇಲ್ಲದಿದ್ದರೆ ಏಳನೇ ಕ್ಲಾಸಿನಲ್ಲಿ 2 × □ + 3 = 11 − 3 = 8 ÷ 2 = 4 ಎಂಬ ರೈಲು ಬರುತ್ತದೆ.

ತಕ್ಕಡಿ ವಿರೋಧಿ:
ತಕ್ಕಡಿ ಒಳ್ಳೆಯದೇ, ಆದರೆ ಸ್ವಲ್ಪ ದೂರಕ್ಕೆ. □ + 5 = 2 ಬಂದಾಗ −3 ತೂಕದ ಕಲ್ಲು ಎಲ್ಲಿಂದ ತರುತ್ತೀರಿ? ಅಲ್ಲಿ ಎರಡೂ ಕಡೆ 5 ಕಳೆಯುವುದನ್ನೇ ಬರೆಸಬೇಕು.

ಪಕ್ಷಾಂತರವನ್ನು, ಅಂದರೆ ಸಂಖ್ಯೆಯನ್ನು = ಗುರುತಿನ ಆಚೆ ಕಡೆಗೆ ಸಾಗಿಸುವುದನ್ನು, ಮಾತ್ರ ಬೇಗ ಹೇಳಿಕೊಡಬೇಡಿ. "ಆ ಕಡೆ ಹೋದರೆ ಚಿಹ್ನೆ ಬದಲು" ಅಂತ ಬಾಯಿಪಾಠ ಮಾಡಿದವರು 3 × □ = 12ಕ್ಕೆ 12 − 3 = 9 ಅನ್ನುತ್ತಾರೆ. ಎರಡೂ ಕಡೆಯನ್ನು 3ರಿಂದ ಭಾಗಿಸಿ ಅಭ್ಯಾಸವಾದವರಿಗೆ ಈ ತಪ್ಪು ಅಷ್ಟಾಗಿ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
"ರವಿ = 12 ವರ್ಷ" ಅಂತ ಬೋರ್ಡ್ ಮೇಲೆ ನಾವೇ ಬರೆಯುತ್ತೇವಲ್ಲ, ಅದೂ ಬಿಡಬೇಕೇ?

ಲೆಕ್ಕದ ಪುಟ:
ಬಿಡಿ ಸಾರ್. ರವಿ ಒಂದು ಸಂಖ್ಯೆಯಲ್ಲ; "ರವಿಯ ವಯಸ್ಸು = 12 ವರ್ಷ" ಅನ್ನಿ. ಹೈಸ್ಕೂಲಿನಲ್ಲಿ ಪೈ = 22/7 ಬರೆಯುವುದೂ ಇದೇ ಸಾಲಿಗೆ ಸೇರಿದ್ದು, ಅಲ್ಲಿ ≈ (ಸುಮಾರು ಸಮ) ಬೇಕು.