ಹ್ಯಾಂಡಲ್ ಹತ್ತಿರ 'ಕಟಕ್' ಸದ್ದು: ಹೇಗೆ ಹುಡುಕುವುದು?

ಬದಿಯಡ್ಕದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ರೋಡ್ ಬೈಕ್ ಸೈಕಲಿನ ಮುಂಭಾಗದಲ್ಲಿ ಒಂದು ಸದ್ದು ಸೇರಿಕೊಂಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾದದ್ದು. ಕುಂಬಳೆಯಿಂದ ಸೀತಾಂಗೋಳಿಗೆ ಏರುವಾಗ ಸೀಟಿನಿಂದ ಎದ್ದು ತುಳಿದರೆ ಹ್ಯಾಂಡಲ್ ಹತ್ತಿರ 'ಕಟಕ್ ಕಟಕ್' ಅನ್ನುತ್ತದೆ. ಕೂತು ತುಳಿದರೆ ಕಡಿಮೆ. ಮುಂದಿನ ಬ್ರೇಕ್ ಹಿಡಿದಾಗ 'ಟಕ್' ಅಂತ ಒಂದು ಗುದ್ದು ಬೇರೆ ಇತ್ತು. ಅಂಗಡಿಗೆ ಕೊಟ್ಟೆ. ಹ್ಯಾಂಡಲಿನ ಮೇಲಿನ ಮುಚ್ಚಳವನ್ನು ಚೆನ್ನಾಗಿ ಬಿಗಿ ಮಾಡಿ ಕೊಟ್ಟರು. ಗುದ್ದು ನಿಂತಿತು. ಆದರೆ 'ಕಟಕ್' ಹಾಗೇ ಇದೆ. ಈಗ ಹ್ಯಾಂಡಲ್ ನೇರಕ್ಕೆ ಬಂದಾಗ ಅಲ್ಲೇ ಕೂತ ಹಾಗಾಗುತ್ತದೆ, ಸ್ವಲ್ಪ ಬಲ ಹಾಕಿದರೆ ಮಾತ್ರ ಕದಲುತ್ತದೆ. ಇಳಿಜಾರಿನಲ್ಲಿ ಹೆದರಿಕೆಯಾಗುತ್ತದೆ. ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ), ರಿಮ್ ಬ್ರೇಕ್. ನಿಮಗೆ ಇಂಥದ್ದು ಆಗಿದ್ದರೆ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಕುಂಬಳೆಯಿಂದ

ಇಳಿಜಾರಿನಲ್ಲಿ ಹೆದರಿಕೆ ಅಂದಿರಲ್ಲ, ಅದು ಸರಿಯಾದ ಹೆದರಿಕೆ. ಇದು ಸರಿಯಾಗುವ ತನಕ ಘಟ್ಟದ ಕಡೆ ಹೋಗಬೇಡಿ.

ಸದ್ದು ಕೇಳಿಸಿದಲ್ಲೇ ಅದು ಹುಟ್ಟಿದೆ ಅಂತ ನಂಬಲೂ ಬೇಡಿ. ಸೈಕಲಿನ ಕೊಳವೆಗಳು ಒಳಗೆ ಟೊಳ್ಳು. ಹಿಂದಿನ ಸದ್ದು ಮುಂದೆ ಬಂದು ಕೇಳಿಸುತ್ತದೆ. ನನಗೂ ಹೀಗೇ ಆಗಿತ್ತು. ಹೆಡ್‌ಸೆಟ್ಟೇ (ಫೋರ್ಕ್ ಫ್ರೇಮಿನೊಳಗೆ ತಿರುಗಲು ಮೇಲೆ ಕೆಳಗೆ ಇರುವ ಬೇರಿಂಗ್ ಜೋಡಿ) ಅಂತ ತೀರ್ಮಾನ ಮಾಡಿ ಎರಡೂ ಬೇರಿಂಗ್ ಬದಲಿಸಿದೆ. ಸದ್ದು ಹೋಗಲಿಲ್ಲ. ಕೊನೆಗೆ ನೋಡಿದರೆ ಸೀಟಿನ ಕಂಬ ಒಣಗಿತ್ತು. ಬಿಚ್ಚಿ, ಒರೆಸಿ, ಗ್ರೀಸ್ ಸವರಿ ಹಾಕಿದೆ. ಅಷ್ಟೇ, ನಿಂತಿತು. ನಿಮಗೆ ಎದ್ದು ತುಳಿಯುವಾಗಲೇ ಸದ್ದು ಜಾಸ್ತಿ. ಹಾಗಾಗಿ ಸೀಟು, ಸೀಟಿನ ಕಂಬದ ಮೇಲೆ ಸಂಶಯ ಬೇಡ. ಆದರೆ ಪೆಡಲ್ ಮತ್ತು ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಬೇರಿಂಗ್ ಇನ್ನೂ ಲೆಕ್ಕದಲ್ಲಿವೆ.

ಅದಕ್ಕೆ ಮೊದಲು ತಾಳ ಎಣಿಸಿ. 700×25 ಟೈರು ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಎರಡೂವರೆ ಸುತ್ತಿಗಿಂತ ಚೂರು ಜಾಸ್ತಿ ತಿರುಗುತ್ತದೆ. ಪೆಡಲ್ ತಿರುಗುವುದು ಸಾಮಾನ್ಯವಾಗಿ ಅದರ ಅರ್ಧದಷ್ಟು. ಸದ್ದು ಚಕ್ರದ ತಾಳಕ್ಕೆ ಬಂದರೆ ಕಡ್ಡಿ, ವಾಲ್ವ್, ರಿಮ್, ಟೈರು ನೋಡಬೇಕು. ಕಾಲಿನ ತಾಳಕ್ಕೆ ಬಂದರೆ ಪೆಡಲ್, ಕ್ರ್ಯಾಂಕ್. ಕೈಯಿಂದ ಹ್ಯಾಂಡಲ್ ಎಳೆದಾಗಲೆಲ್ಲ ಬಂದರೆ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಸೇರಿಸುವ ತುಂಡು), ಹ್ಯಾಂಡಲ್, ಹೆಡ್‌ಸೆಟ್, ಮುಂದಿನ ಆಕ್ಸಲ್. ಎದ್ದು ತುಳಿಯುವಾಗ ಕಾಲಿನ ಜೊತೆ ಕೈಯೂ ಎಳೆಯುತ್ತದೆ, ಎರಡರ ತಾಳವೂ ಒಂದೇ. ಹಾಗಾಗಿ ರಸ್ತೆಯಲ್ಲಿ ಗೊಂದಲವಾಗುತ್ತದೆ. ಮನೆ ಅಂಗಳದಲ್ಲಿ ನಿಂತೇ ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲಿನ ಒಂದು ಬದಿ ಒತ್ತಿ ಇನ್ನೊಂದು ಬದಿ ಎಳೆಯಿರಿ. ಕಾಲು ನೆಲದ ಮೇಲಿದ್ದೂ 'ಕಟಕ್' ಬಂತೋ, ಪೆಡಲನ್ನು ಮರೆತುಬಿಡಿ.

ಇನ್ನು ಹೆಡ್‌ಸೆಟ್. ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಮೋಸ ಇದೆ. ಬ್ರೇಕಿನ ತೋಳು, ರಬ್ಬರ್ ಕಟ್ಟೆಗಳೂ ಸ್ವಲ್ಪ ಅಲ್ಲಾಡುತ್ತವೆ, ಅದು ಹೆಡ್‌ಸೆಟ್ ಸಡಿಲದ ಹಾಗೇ ಅನ್ನಿಸುತ್ತದೆ. ಅದರ ಬದಲು ಚಕ್ರವನ್ನು ಪೂರ್ತಿ ಅಡ್ಡಕ್ಕೆ ತಿರುಗಿಸಿ, ನೆಲಕ್ಕೆ ಒತ್ತಿ ಅಲ್ಲಾಡಿಸಿ. ಅಡ್ಡ ನಿಂತ ಚಕ್ರ ಉರುಳುವುದಿಲ್ಲ, ಬ್ರೇಕ್ ಹಿಡಿಯುವುದೇ ಬೇಡ. ಇನ್ನೊಂದು ಕೈಯ ಬೆರಳನ್ನು ಫ್ರೇಮ್ ಮತ್ತು ಫೋರ್ಕ್ ಸೇರುವ ಸಂದಿನ ಮೇಲೆ ಇಡಿ. ಸಡಿಲ ಇದ್ದರೆ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಮೇಲಿನ ಮುಚ್ಚಳದ ಬೋಲ್ಟ್ ಏನನ್ನೂ ಹಿಡಿದುಕೊಳ್ಳುವುದಿಲ್ಲ. ಅದರ ಕೆಲಸ ಫೋರ್ಕನ್ನು ಮೇಲಕ್ಕೆ ಎಳೆದು ಬೇರಿಂಗನ್ನು ಸರಿಯಾದ ಬಿಗಿಗೆ ತರುವುದು ಮಾತ್ರ. ಹಿಡಿದುಕೊಳ್ಳುವುದು ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟ್. ಆದ್ದರಿಂದ ಪಕ್ಕದ ಎರಡನ್ನೂ ಸಡಿಲ ಮಾಡಿ, ಆಮೇಲೆ ಮೇಲಿನದನ್ನು ಕಾಲು ಕಾಲು ಸುತ್ತಿನಂತೆ ತಿರುಗಿಸಿ, ಅಲ್ಲಾಟ ನಿಂತ ಕೂಡಲೇ ನಿಲ್ಲಿಸಿ. ಹ್ಯಾಂಡಲ್ ನೇರ ಮಾಡಿ, ಪಕ್ಕದ ಎರಡನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಹೆಚ್ಚಿನ ಸ್ಟೆಮ್‌ಗಳಿಗೆ 5 ನ್ಯೂಟನ್ ಮೀಟರ್ (ಬಿಗಿಯ ಅಳತೆ) ಸುಮಾರಿಗೆ ಸಾಕು. ನಿಮ್ಮದರ ಮೇಲೆ ಬರೆದಿರುತ್ತದೆ, ಅದನ್ನೇ ನಂಬಿ. ಎಷ್ಟು ಬಿಗಿ ಮಾಡಿದರೂ ಅಲ್ಲಾಟ ಹೋಗದಿದ್ದರೆ ಮುಚ್ಚಳ ತೆಗೆದು ನೋಡಿ. ಫೋರ್ಕಿನ ಕೊಳವೆಯ ತುದಿ ಸ್ಟೆಮ್ಮಿಗಿಂತ ಎರಡು ಮೂರು ಮಿ.ಮೀ. ಕೆಳಗಿರಬೇಕು. ಸಮಕ್ಕೆ ಇದ್ದರೆ ಮುಚ್ಚಳ ಕೊಳವೆಗೇ ತಾಗಿ ನಿಲ್ಲುತ್ತದೆ, ಏನನ್ನೂ ಎಳೆಯುವುದಿಲ್ಲ. ಸ್ಟೆಮ್ಮಿನ ಮೇಲೊಂದು ಸ್ಪೇಸರ್ (ತೆಳು ಬಳೆ) ಹಾಕಿದರೆ ಸರಿಯಾಗುತ್ತದೆ.

ಈಗ ನಿಮ್ಮ ಸೈಕಲಿನ ಮಾತು. 'ನೇರಕ್ಕೆ ಬಂದಾಗ ಅಲ್ಲೇ ಕೂರುತ್ತದೆ' ಅಂದಿರಿ. ನನಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಅದೇ. ನಾವು ಹೆಚ್ಚು ಹೊತ್ತು ನೇರವಾಗಿಯೇ ಹೋಗುವುದು. ಗುಂಡಿಗೆ ಬಿದ್ದಾಗ ಪೆಟ್ಟು ಬೀಳುವುದೂ ಅದೇ ಜಾಗಕ್ಕೆ. ತುಕ್ಕು ಹಿಡಿದ ಬೇರಿಂಗಿನಲ್ಲಿ ಗುಂಡುಗಳು ಅಲ್ಲೇ ತಗ್ಗು ಮಾಡಿಕೊಳ್ಳುತ್ತವೆ. ಸಡಿಲ ಇದ್ದಾಗ ಗೊತ್ತಾಗಲಿಲ್ಲ, ಬಿಗಿ ಮಾಡಿದಾಗ ತಗ್ಗು ಕೈಗೆ ಸಿಕ್ಕಿತು. ಕೆಳಗಿನ ಬೇರಿಂಗ್ ಬಿಚ್ಚಿ ನೋಡಿ. ಮುಂದಿನ ಚಕ್ರದ ನೀರು, ಕೆಸರು ಎಲ್ಲ ನೇರ ಬಂದು ಹೊಡೆಯುವುದು ಅಲ್ಲಿಗೆ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್ ತನಕ ಓಡಿಸಿದವರ ಸೈಕಲಿನಲ್ಲಿ ಮೇಲಿನದು ಹೊಸದರ ಹಾಗಿದ್ದು ಕೆಳಗಿನದು ಮಾತ್ರ ಹೋಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ನೀರ್ಚಾಲಿನಿಂದ

ಚಿಕ್ಕದೊಂದು ಸೇರಿಸುತ್ತೇನೆ. ನನ್ನದು ವಾಲ್ವಿನ ಬುಡದ ನಟ್ಟು. ರಿಮ್ ಮೇಲೆ ಸಡಿಲವಾಗಿ ಕುಣಿಯುತ್ತಿತ್ತು. ಒಂದು ತಿಂಗಳು ಹುಡುಕಿದ್ದೇನೆ. ಚಕ್ರ ಎತ್ತಿ ರಿಮ್ಮಿಗೆ ಬೆರಳಿನಿಂದ ತಟ್ಟಿದಾಗ ಸಿಕ್ಕಿತು. ನಟ್ಟು ತೆಗೆದುಹಾಕಿದೆ, ವಾಲ್ವಿಗೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಸುತ್ತಿದೆ. ಕೇಬಲಿನ ಹೊರಕವಚ ಫ್ರೇಮಿಗೆ ಬಡಿಯುವುದೂ ಹೀಗೇ ಮೋಸ ಮಾಡುತ್ತದೆ. ಕೈಯಿಂದ ಹಿಡಿದು ಓಡಿಸಿ ನೋಡಿದರೆ ಗೊತ್ತಾಗುತ್ತದೆ.

ಮಂಜೇಶ್ವರದಿಂದ

ನನ್ನದು ಹಳೆಯ ಸ್ಟೀಲ್ ಸೈಕಲ್. ಹ್ಯಾಂಡಲಿನ ಕಂಬ ಫೋರ್ಕಿನ ಒಳಗೆ ಇಳಿದು, ಬೆಣೆಯಿಂದ ಬಿಗಿಯಾಗುವ ಕಾಲದ್ದು. ಇಂಥ ಸೈಕಲ್ ಇರುವವರು ಮೇಲೆ ಹೇಳಿದ ಕ್ರಮ ಮಾಡಲು ಹೋಗಬೇಡಿ. ಇದರಲ್ಲಿ ಕೋನ್ (ಬೇರಿಂಗಿನ ಗುಂಡುಗಳನ್ನು ಒತ್ತುವ ಭಾಗ) ಬಿಗಿ ಮಾಡಿ ಅದರ ಮೇಲೆ ಲಾಕ್ ನಟ್ಟು ಕೂರಿಸಬೇಕು, ಎರಡು ಸ್ಪ್ಯಾನರ್ ಬೇಕು. 'ಕಟಕ್' ಬಂದರೆ ಮೊದಲು ಕಂಬವನ್ನೇ ಹೊರಗೆ ತೆಗೆಯಿರಿ. ಬೋಲ್ಟ್ ಸ್ವಲ್ಪ ಸಡಿಲ ಮಾಡಿ ಮರದ ತುಂಡು ಇಟ್ಟು ಮೇಲಿಂದ ತಟ್ಟಿದರೆ ಬೆಣೆ ಬಿಡುತ್ತದೆ. ಒರೆಸಿ, ಗ್ರೀಸ್ ಹಚ್ಚಿ ಹಾಕಿ. ವರ್ಷಕ್ಕೊಮ್ಮೆಯಾದರೂ ಮಾಡಿ. ಸಮುದ್ರದ ಗಾಳಿಗೆ ಕಂಬ ಒಳಗೇ ಕಚ್ಚಿಕೊಂಡರೆ ಆಮೇಲೆ ಯಾರಿಂದಲೂ ಬಿಡಿಸಲಿಕ್ಕಾಗುವುದಿಲ್ಲ.

ಇದಕ್ಕೊಂದು ಒಳ್ಳೆಯದೂ ಇದೆ. ನಮ್ಮೂರಿನ ಯಾವ ಸೈಕಲ್ ರಿಪೇರಿಯವರಿಗೂ ಕೋನ್, ಕಪ್, ಗುಂಡು ಗೊತ್ತು. ಗುಂಡುಗಳನ್ನು ಗ್ರೀಸಿನಲ್ಲಿ ಒಂದೊಂದಾಗಿ ಜೋಡಿಸುವ ಅವರ ಕೈಚಳಕ ನೋಡುತ್ತಾ ನಾನು ಕಲಿತದ್ದು.

ಮುಳ್ಳೇರಿಯದಿಂದ

ಡಿಸ್ಕ್ ಬ್ರೇಕ್ ಇರುವವರಿಗೆ ಎರಡು ಮಾತು. ಚೆರ್ಕಳ–ಜಾಲ್ಸೂರು ರಸ್ತೆಯ ಇಳಿಜಾರು ಮುಗಿದ ಮೇಲೆ ನನ್ನದು 'ಚಿಣ್ ಚಿಣ್' ಅನ್ನುತ್ತಿತ್ತು. ಬಿಸಿಯಾದ ಡಿಸ್ಕ್ ಸ್ವಲ್ಪ ಬಾಗಿ ಪ್ಯಾಡಿಗೆ ತಾಗುವುದು, ತಣಿದ ಮೇಲೆ ನಿಲ್ಲುತ್ತದೆ. ತಣಿದರೂ ನಿಲ್ಲದಿದ್ದರೆ ಕ್ಯಾಲಿಪರ್ (ಪ್ಯಾಡ್ ಹಿಡಿದಿರುವ ಭಾಗ) ನಡುವಿನಲ್ಲಿ ಇಲ್ಲ ಅಂತ ಅರ್ಥ. ಅದರ ಎರಡು ಬೋಲ್ಟ್ ಸಡಿಲ ಮಾಡಿ, ಬ್ರೇಕ್ ಗಟ್ಟಿಯಾಗಿ ಹಿಡಿದುಕೊಂಡೇ ಮತ್ತೆ ಬಿಗಿ ಮಾಡಿ. ಡಿಸ್ಕ್ ಹಬ್ಬಿಗೆ ಕೂರುವ ಬೋಲ್ಟುಗಳನ್ನೂ ಮುಟ್ಟಿ ನೋಡಿ, ಅವು ಸಡಿಲವಾದರೆ ಬ್ರೇಕ್ ಹಿಡಿದಾಗ ನಿಮ್ಮದರ ಹಾಗೇ ಗುದ್ದು ಬರುತ್ತದೆ.

ಸದ್ದು ಬಂತು ಅಂತ ಡಿಸ್ಕಿನ ಹತ್ತಿರ ಎಣ್ಣೆ ಸ್ಪ್ರೇ ಮಾಡಲೇಬೇಡಿ. ನನ್ನ ತಮ್ಮ ಹಾಗೆ ಮಾಡಿ ಆ ಸಂಜೆ ಬ್ರೇಕೇ ಇಲ್ಲದೆ ಮನೆಗೆ ನಡೆದುಕೊಂಡು ಬಂದ. ಪ್ಯಾಡ್ ಬಿಸಾಡಬೇಕಾಯಿತು. ತುಕ್ಕು ಬಿಡಿಸುವ ಸ್ಪ್ರೇ ಹೆಡ್‌ಸೆಟ್ಟಿಗೂ ಬೇಡ. ಒಂದು ವಾರ ಸದ್ದು ನಿಲ್ಲಬಹುದು, ಆದರೆ ಒಳಗಿದ್ದ ಗ್ರೀಸನ್ನೂ ಅದು ತೊಳೆದುಬಿಡುತ್ತದೆ. ಬೈಕ್ ತೊಳೆಯುವಲ್ಲಿನ ಜೋರು ನೀರೂ ಅಷ್ಟೇ. ಬಾಲ್ದಿ ನೀರು, ಬಟ್ಟೆ ಸಾಕು.

ಹೊಸದುರ್ಗದಿಂದ

ಇಲ್ಲಿಯವರೆಗೆ ಯಾರೂ ಬೆವರಿನ ಮಾತೆತ್ತಲಿಲ್ಲ. ಕರಾವಳಿಯಲ್ಲಿ ಒಂದು ಗಂಟೆ ತುಳಿದರೆ ಹ್ಯಾಂಡಲಿನ ಮೇಲೆ ಬೆವರು ಮಳೆಯಂತೆ ಬೀಳುತ್ತದೆ. ಅದು ಸ್ಟೆಮ್ಮಿನ ಮುಂದಿನ ಮುಚ್ಚಳದ ಸಂದಿಗೆ ಇಳಿಯುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ. ಮುಂದಿನ ನಾಲ್ಕು ಬೋಲ್ಟ್ ಬಿಚ್ಚಿ ನೋಡಿ. ಅಲ್ಯೂಮಿನಿಯಂ ಹ್ಯಾಂಡಲ್ ಆದರೆ ಸುಣ್ಣದಂಥ ಬಿಳಿ ಪುಡಿ ಕಾಣುತ್ತದೆ. ಒರೆಸಿದ ಮೇಲೆ ಉಗುರಿನಿಂದ ಕೆರೆದು ನೋಡಿ, ಗುಳಿ ಬಿದ್ದಿದ್ದರೆ ಅಥವಾ ಕೂದಲಿನಂಥ ಗೆರೆ ಇದ್ದರೆ ಆ ಹ್ಯಾಂಡಲನ್ನು ಮತ್ತೆ ಹಾಕಬೇಡಿ. ಹ್ಯಾಂಡಲ್ ಮುರಿಯುವುದು ಹೆಚ್ಚಾಗಿ ಇಲ್ಲೇ, ಅಥವಾ ಟೇಪಿನ ಅಡಿಯಲ್ಲಿ ಬ್ರೇಕ್ ಲಿವರ್ ಕೂರುವಲ್ಲಿ.

ಚೆನ್ನಾಗಿದ್ದರೆ ತೆಳ್ಳಗೆ ಗ್ರೀಸ್ ಸವರಿ, ನಾಲ್ಕು ಬೋಲ್ಟನ್ನು ಮೂಲೆಯಿಂದ ಮೂಲೆಗೆ ಬಿಗಿ ಮಾಡಿ, ಮೇಲಿನ ಸಂದು ಕೆಳಗಿನ ಸಂದು ಒಂದೇ ಅಗಲ ಇರಬೇಕು. ಕಾರ್ಬನ್ ಹ್ಯಾಂಡಲ್ ಅಥವಾ ಫೋರ್ಕಿನ ಕಾರ್ಬನ್ ಕೊಳವೆ ಆದರೆ ಸ್ಟೆಮ್ ಹಿಡಿಯುವ ಜಾಗಕ್ಕೆ ಗ್ರೀಸ್ ಬೇಡ. ಮರಳಿನಂಥ ಕಣ ಇರುವ ಕಾರ್ಬನ್ ಪೇಸ್ಟ್ ಸಿಗುತ್ತದೆ, ಅದನ್ನೇ ಹಚ್ಚಿ. ಕಡಿಮೆ ಬಿಗಿಯಲ್ಲೇ ಜಾರದೆ ನಿಲ್ಲುತ್ತದೆ.

ಮುಂದಿನ ಕ್ವಿಕ್ ರಿಲೀಸನ್ನೂ (ಚಕ್ರ ಬಿಗಿಯುವ, ಲಿವರ್ ಇರುವ ಸರಳು) ಒಮ್ಮೆ ಪೂರ್ತಿ ಹೊರಗೆ ಎಳೆದು ಒರೆಸಿ. ಲಿವರ್ ಅರ್ಧ ಮಡಚಿದಾಗಲೇ ಬಿಗಿ ಶುರುವಾಗಬೇಕು, ಪೂರ್ತಿ ಮಡಚಿದಾಗ ಅಂಗೈಯಲ್ಲಿ ಅದರ ಗುರುತು ಮೂಡಬೇಕು. ಇದು ಎರಡು ನಿಮಿಷದ ಕೆಲಸ. ಬೇರಿಂಗಿಗೆ ಕೈ ಹಾಕುವ ಮೊದಲೇ ಮಾಡಿ ಮುಗಿಸಿ.

ಕುಂಬಳೆಯಿಂದ, ಮತ್ತೊಮ್ಮೆ

ಹೊಸದುರ್ಗದವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಮರೆತಿದ್ದೆ. ಒಂದೇ ವಿನಂತಿ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಗ್ರೀಸ್ ಹಚ್ಚಿದರೆ ಸದ್ದೇನೋ ಹೋಗಬಹುದು, ಆದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಬದಿಯಡ್ಕದಿಂದ, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ಏನಾಯಿತು ಅಂತ ಹೇಳುತ್ತೇನೆ.

ಮೊದಲು ಕ್ವಿಕ್ ರಿಲೀಸ್ ಒರೆಸಿದೆ. ವ್ಯತ್ಯಾಸ ಇಲ್ಲ. ಅಂಗಳದ ಪರೀಕ್ಷೆಯಲ್ಲಿ 'ಕಟಕ್' ಬಂತು, ಹಾಗಾಗಿ ಪೆಡಲ್ ಬಿಟ್ಟೆ. ಭಾನುವಾರ ಫೋರ್ಕ್ ಇಳಿಸಿದೆ. ಸ್ಪೇಸರುಗಳ ಕ್ರಮ ತಪ್ಪದಂತೆ ಮೊದಲೇ ಫೋಟೋ ತೆಗೆದೆ, ಬ್ರೇಕನ್ನು ಕೇಬಲ್ ಸಮೇತ ಬಿಚ್ಚಿ ಪಕ್ಕಕ್ಕೆ ಕಟ್ಟಿದೆ. ಫೋರ್ಕ್ ಕೆಳಗೆ ಬರುವಾಗ ಅದರ ಜೊತೆ ಒಂದು ಚಮಚದಷ್ಟು ಕೆಂಪು ನೀರು ಬೈರಾಸಿನ ಮೇಲೆ ಸುರಿಯಿತು. ನಮ್ಮ ಪದವಿನ ಮುರಕಲ್ಲು ಮಣ್ಣೋ ತುಕ್ಕೋ ಹೇಳಲಾಗದು, ಎರಡೂ ಒಂದೇ ಬಣ್ಣ. ಕೆಳಗಿನ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಕರಕರ ಅಂದು ಒಂದು ಜಾಗದಲ್ಲಿ ನಿಲ್ಲುತ್ತಿತ್ತು. ಕುಂಬಳೆಯವರು ಹೇಳಿದ ತಗ್ಗು ಅದೇ. ಮೇಲಿನದು ಚೆನ್ನಾಗಿತ್ತು, ಒರೆಸಿ ಅದನ್ನೇ ಹಾಕಿದೆ.

ಬೇರಿಂಗಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ 36×45 ಅಂತ ಕೆತ್ತಿತ್ತು. ಅದು ಬೇರಿಂಗಿನ ಒಳ, ಹೊರ ಅಂಚುಗಳ ಓರೆಯ ಕೋನ, ಡಿಗ್ರಿಯಲ್ಲಿ. ಹೊರಗಿನ ಅಳತೆ 52 ಮಿ.ಮೀ., ಒಳಗಿನದು 40, ದಪ್ಪ 7. ಪಂಪ್ ರಿಪೇರಿಯ ಬೇರಿಂಗ್ ಅಂಗಡಿಯಲ್ಲಿ ಕೇಳಿದೆ. ಅವರು ಕೈಗೆ ತೆಗೆದುಕೊಂಡು ನೋಡಿ, ಇದರ ಅಂಚು ಓರೆ, ನಮ್ಮಲ್ಲಿರುವುದು ನೇರ ಅಂಚಿನದು, ಕೂರುವುದಿಲ್ಲ ಅಂದರು. ಮಂಗಳೂರಿನಲ್ಲಿ ಸಿಕ್ಕಿತು. ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಹಾಕುವಾಗ ಬೇರಿಂಗ್ ಕೂರುವ ಜಾಗಕ್ಕೆ, ಅದರ ಹೊರಮೈಗೆ ಗ್ರೀಸ್ ಧಾರಾಳ ಹಚ್ಚಿದೆ. ಮೇಲೆ ಒಂದು ಕಡೆ ಸೀಳಿರುವ ಬಳೆಯಂಥ ಭಾಗ ಬರುತ್ತದಲ್ಲ, ಅದು ಪೂರ್ತಿ ಒಣಗಿತ್ತು. ಅದಕ್ಕೂ ಹಚ್ಚಿದೆ. ಈಗ ಮುಂದಿನ ಚಕ್ರ ಎತ್ತಿದರೆ ಹ್ಯಾಂಡಲ್ ತಾನಾಗಿ ಬದಿಗೆ ಬೀಳುತ್ತದೆ.

ಆದರೂ ಏರಿನಲ್ಲಿ 'ಕಟಕ್' ಇತ್ತು! ತುಂಬಾ ಬೇಜಾರಾಯಿತು. ಮರುದಿನ ಸ್ಟೆಮ್ಮಿನ ಮುಂದಿನ ಮುಚ್ಚಳ ಬಿಚ್ಚಿದೆ. ಹೊಸದುರ್ಗದವರು ಹೇಳಿದ ಬಿಳಿ ಪುಡಿ ಅಲ್ಲೇ ಇತ್ತು, ಕೆಳಗಿನ ಅರ್ಧದಲ್ಲಿ ದಪ್ಪಗೆ. ಕೆಳಗಿನ ಎರಡು ಬೋಲ್ಟ್ ಬಿಗಿ, ಮೇಲಿನ ಎರಡು ಸಡಿಲ. ಒರೆಸಿ, ಬೆಳಕಿಗೆ ಹಿಡಿದು ನೋಡಿದೆ, ಗೆರೆ ಗುಳಿ ಏನೂ ಇಲ್ಲ. ಗ್ರೀಸ್ ಸವರಿ ನಾಲ್ಕನ್ನೂ 5ಕ್ಕೆ ಬಿಗಿ ಮಾಡಿದೆ. ಅಂದರೆ ನನ್ನಲ್ಲಿದ್ದದ್ದು ಎರಡು ಬೇರೆ ಬೇರೆ ತೊಂದರೆ. ಗುದ್ದು, ಕೂರುವುದು ಬೇರಿಂಗಿನದ್ದು. 'ಕಟಕ್' ಹ್ಯಾಂಡಲಿನದ್ದು.

ನಿನ್ನೆ ಬೆಳಗ್ಗೆ ನಾಯ್ಕಾಪಿನಿಂದ ಸೀತಾಂಗೋಳಿಗೆ ಬೇಕೆಂದೇ ನಿಂತು ಏರಿದೆ. ಚೈನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಿಗಿ ಅಳೆಯುವ ಟಾರ್ಕ್ ಕೀ ಈಗ ನನ್ನಲ್ಲಿದೆ. ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯವರು ಯಾರಿಗೆ ಬೇಕಾದರೂ ಬಂದು ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದುಕೊಡಿ.