ದಾಲ್ ಮಿಲ್‌ಗಳ ಕರೆಂಟ್ ಉಳಿತಾಯ: ಇಡೀ ಜಿಲ್ಲೆಗೆ ಅಂದಾಜು ಹಾಕುವುದು ಹೇಗೆ?

ತೊಗರಿನಾಡು:
ಕಲಬುರಗಿ ಜಿಲ್ಲೆಯ ದಾಲ್ ಮಿಲ್‌ಗಳಲ್ಲಿ ಹಳೆ ಮೋಟರ್ ಬದಲಿಸಲು ಸಹಾಯಧನ ಕೊಟ್ಟರೆ ಎಷ್ಟು ಯೂನಿಟ್ ಉಳಿದೀತು, ಎಷ್ಟು ಹಣ ಇಡಬೇಕು ಎಂಬ ಪ್ರಸ್ತಾವನೆ ಸಿದ್ಧ ಮಾಡಬೇಕಿದೆ. ಕೈಯಲ್ಲಿರುವುದು ಆರ್‌ಆರ್ ನಂಬರ್‌ವಾರು (ಪ್ರತಿ ವಿದ್ಯುತ್ ಸಂಪರ್ಕದ ಸಂಖ್ಯೆವಾರು) 12 ತಿಂಗಳ ಜೆಸ್ಕಾಂ ಬಿಲ್ಲುಗಳು ಮತ್ತು ಒಂದೇ ಒಂದು ಮಿಲ್ಲಿನ ವಿದ್ಯುತ್ ಬಳಕೆಯ ಆಡಿಟ್ ವರದಿ. ವರದಿಯಲ್ಲಿ ಶೇ 18 ಉಳಿತಾಯ ಎಂದಿದೆ. ಅದನ್ನೇ ಎಲ್ಲರ ಯೂನಿಟ್‌ಗೂ ಹಚ್ಚಿದರೆ ಆಗುತ್ತದೆಯೇ?

ಜರಡಿ:
ಆಗೋದಿಲ್ರಿ. ಮೊದಲು ಯೂನಿಟ್ಟನ್ನು ಮಾಲಿಗೆ ಕಟ್ಟಬೇಕು: ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಯೂನಿಟ್. ಅದು ಒಳಗೆ ಬಂದ ತೊಗರಿಯ ಕ್ವಿಂಟಲ್ಲೋ ಹೊರಬಿದ್ದ ಬೇಳೆಯದೋ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ; ಒಬ್ಬರು ಹಾಗೆ, ಇನ್ನೊಬ್ಬರು ಹೀಗೆ ಬರೆದುಕೊಂಡರೆ ಹೋಲಿಕೆಯೇ ಕೆಡುತ್ತದೆ. ಆಮೇಲೆ ಮಿಲ್ಲುಗಳನ್ನು ಮಂಜೂರಾದ ಲೋಡಿನ ಮೇಲೆ ಮೂರು ಗುಂಪು ಮಾಡಿ, ಪ್ರತಿ ಗುಂಪಿನಿಂದ ಚೀಟಿ ಎತ್ತಿ ಕೆಲವನ್ನು ಅಳೆಯಿರಿ. ತಾವಾಗಿಯೇ ಕರೆದವರ ಮಿಲ್ಲನ್ನಷ್ಟೇ ಅಳೆದರೆ ಆಸಕ್ತಿ ಇರುವ ದೊಡ್ಡ ಮಿಲ್ಲುಗಳೇ ಸಿಗುತ್ತವೆ.

ಬಿಲ್ಲಿನಲ್ಲಿ ಎರಡು ಕಡೆ ಎಡವುತ್ತಾರೆ. ಸಿಟಿ ಮೀಟರ್ (ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟನ್ನು ತಗ್ಗಿಸಿ ಅಳೆಯುವ ಮೀಟರ್) ಇದ್ದಲ್ಲಿ ರೀಡಿಂಗ್‌ಗೆ ಗುಣಕ ಹಾಕುವುದನ್ನು ಮರೆಯುತ್ತಾರೆ. ಒಟ್ಟು ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಿ ಅದನ್ನೇ ದರ ಎನ್ನುತ್ತಾರೆ. ನಿಗದಿತ ಶುಲ್ಕ ಯೂನಿಟ್ ಇಳಿದರೂ ಇಳಿಯುವುದಿಲ್ಲ, ಹಾಗಾಗಿ ಉಳಿತಾಯಕ್ಕೆ ವಿದ್ಯುತ್ ಬಳಕೆಯ ದರವನ್ನಷ್ಟೇ ಹಿಡಿಯಿರಿ. ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಸರಿಪಡಿಸಿದ್ದನ್ನೂ ಯೂನಿಟ್ ಉಳಿತಾಯವೆಂದು ಬರೆಯಬೇಡಿ; ಅದರಿಂದ ಮುಖ್ಯವಾಗಿ ದಂಡ ತಪ್ಪುತ್ತದೆ.

ಸ್ಲಿಪ್‌ರಿಂಗ್:
ಮೋಟರಿನ ಲೆಕ್ಕ ಬಿಡಿಸಿ ತೋರಿಸುತ್ತೇನೆ. 20 ಎಚ್‌ಪಿ ಎಂದರೆ ಸುಮಾರು 15 ಕಿಲೋವ್ಯಾಟ್. ಶೇ 70 ಲೋಡಿನಲ್ಲಿ ಅದು ಕೊಡುವುದು 10.5 ಕಿಲೋವ್ಯಾಟ್. ಹಲವು ಸಲ ವೈಂಡಿಂಗ್ ಆದ ಮೋಟರಿನ ದಕ್ಷತೆ ಶೇ 86 ಎಂದಿಟ್ಟುಕೊಂಡರೆ ಎಳೆಯುವುದು 12.2, ಶೇ 92ರ ಐಇ3 (ಹೆಚ್ಚು ದಕ್ಷತೆಯ ದರ್ಜೆ) ಮೋಟರ್ ಎಳೆಯುವುದು 11.4. ಗಂಟೆಗೆ 0.8 ಯೂನಿಟ್ ಉಳಿತಾಯ. ವರ್ಷಕ್ಕೆ 2,400 ಗಂಟೆ ಓಡಿದರೆ ಸುಮಾರು 1,900 ಯೂನಿಟ್. ಯೂನಿಟ್‌ಗೆ 8 ರೂಪಾಯಿ, ಹೊಸ ಮೋಟರ್‌ಗೆ 60,000 ರೂಪಾಯಿ ಎಂದು ಹಿಡಿದರೆ ನಾಲ್ಕು ವರ್ಷದಲ್ಲಿ ದುಡ್ಡು ವಾಪಸ್. ಸುಗ್ಗಿಯಲ್ಲಷ್ಟೇ 800 ಗಂಟೆ ಓಡುವ ಮಿಲ್ಲಿಗೆ ಅದೇ ಮೋಟರ್ 12 ವರ್ಷ ಹಿಡಿಯುತ್ತದೆ! ಉಳಿತಾಯದ ಶೇಕಡಾ ಒಂದೇ ಇದ್ದರೂ ದುಡ್ಡು ವಾಪಸಾಗುವ ಅವಧಿ ಬದಲಾಗುವುದು ಈ ಗಂಟೆಗಳಿಂದಲೇ.

ಮೋಟರ್ ಸುಟ್ಟಾಗ ಬದಲಿಸಿದರೆ ಲೆಕ್ಕ ಬೇರೆ. ಆಗ ವೈಂಡಿಂಗ್ ಖರ್ಚು ಹೇಗೂ ಇದ್ದದ್ದೇ, ಹೊಸದರ ಬೆಲೆಯಲ್ಲಿ ಅದನ್ನು ಕಳೆದು ಉಳಿದದ್ದಷ್ಟೇ ಹೆಚ್ಚುವರಿ. ನನ್ನ ಮಟ್ಟಿಗೆ ಸಹಾಯಧನ ಕೊಡಬೇಕಾದ ಜಾಗ ಇದು.

ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಒಂದನ್ನೇ ನಂಬಬೇಡಿ. ಕಡಿಮೆ ಲೋಡಿನಲ್ಲಿಯೂ ಆಂಪಿಯರ್ ಸಾಕಷ್ಟು ಇರುತ್ತದೆ, ಕಿಲೋವ್ಯಾಟ್ ಇರುವುದಿಲ್ಲ. ಕಿಲೋವ್ಯಾಟನ್ನೇ ತೋರಿಸುವ ಪವರ್ ಅನಲೈಸರ್ ಹಚ್ಚಿ, ಮಾಲು ತುಂಬಿ ಓಡುವಾಗ ಒಂದು ಸಲ, ಖಾಲಿ ಓಡುವಾಗ ಒಂದು ಸಲ ಅಳೆಯಿರಿ. ಸಿಪ್ಪೆ ಸುಲಿಯುವ ಎಮರಿ ರೋಲರ್ ಸವೆದಿದ್ದರೆ ತೊಗರಿ ಮತ್ತೊಮ್ಮೆ ಹಾಯಬೇಕಾಗುತ್ತದೆ. ಆಗ ಮೋಟರ್ ಎಷ್ಟು ಒಳ್ಳೆಯದಿದ್ದರೂ ಕ್ವಿಂಟಲ್‌ಗೆ ಯೂನಿಟ್ ಏರುತ್ತದೆ.

ತೊಗರಿನಾಡು:
ಬೆಲ್ಟ್ ಬದಲಿಸಿದ್ದಕ್ಕೆ ಶೇ 5, ಮೋಟರ್ ಬದಲಿಸಿದ್ದಕ್ಕೆ ಶೇ 7 ಉಳಿತಾಯ ಎಂದು ಕೂಡಿಸಬಹುದೇ? ರೈತರ ನೀರಾವರಿ ಪಂಪ್‌ಸೆಟ್‌ಗೂ ಇದೇ ದಾರಿಯೇ?

ಜರಡಿ:
ಕೂಡಿಸಬೇಡಿ. ಬೆಲ್ಟಿನ ನಂತರ ಉಳಿದ 95ರ ಮೇಲೆ ಶೇ 7 ತೆಗೆಯಿರಿ, ಒಟ್ಟು ಶೇ 11.65 ಬರುತ್ತದೆ. ಪ್ರಸ್ತಾವನೆಯಲ್ಲಿ ಮೂರು ಅಂಕಿ ಬೇರೆ ಬೇರೆ ಇರಲಿ: ತಾಂತ್ರಿಕವಾಗಿ ಸಾಧ್ಯವಾದದ್ದು, ಹಾಕಿದ ಖರ್ಚು ವಾಪಸ್ ಬರುವಂಥದ್ದು, ಯೋಜನೆಯ ಅವಧಿಯಲ್ಲಿ ಮಾಲೀಕರು ನಿಜಕ್ಕೂ ಮಾಡುವಂಥದ್ದು. ಬಜೆಟ್ ಕಟ್ಟಬೇಕಾದದ್ದು ಮೂರನೆಯದರ ಮೇಲೆ.

ಪಂಪ್‌ಸೆಟ್ ದಾರಿ ಬೇರೆ ರೀ. 10 ಎಚ್‌ಪಿವರೆಗೆ ಕರೆಂಟ್ ಉಚಿತ, ಆದ್ದರಿಂದ ರೈತನ ಲೆಕ್ಕದಲ್ಲಿ ಉಳಿತಾಯ ಸೊನ್ನೆ; ಲಾಭ ಸರ್ಕಾರದ ಸಬ್ಸಿಡಿ ಖಾತೆಗೆ. ಅಳೆಯುವಾಗ ಗಂಟೆಗೆ ಬರುವ ಘನ ಮೀಟರ್ ನೀರನ್ನು ಒಟ್ಟು ಮೀಟರ್ ಎತ್ತರಕ್ಕೆ ಗುಣಿಸಿ 367ರಿಂದ ಭಾಗಿಸಿ; ನೀರೆತ್ತಲು ನಿಜಕ್ಕೂ ಬೇಕಾದ ಕಿಲೋವ್ಯಾಟ್ ಬರುತ್ತದೆ. 12 ಘನ ಮೀಟರ್, 60 ಮೀಟರ್ ಆದರೆ 1.96 ಕಿಲೋವ್ಯಾಟ್, ಮೋಟರ್ 5.6 ಎಳೆಯುತ್ತಿದ್ದರೆ ದಕ್ಷತೆ ಶೇ 35. ಎತ್ತರಕ್ಕೆ ಪಂಪ್ ಓಡುವಾಗ ಇಳಿದು ನಿಂತ ನೀರಿನ ಮಟ್ಟವನ್ನೇ ಹಿಡಿಯಿರಿ, ಪೈಪಿನ ಘರ್ಷಣೆಯನ್ನೂ ಸೇರಿಸಿ. ಬಂದ್ ಇದ್ದಾಗಿನ ಮಟ್ಟ ಹಿಡಿದರೆ ಒಳ್ಳೆಯ ಪಂಪೂ ಕೆಟ್ಟದ್ದಾಗಿ ಕಾಣುತ್ತದೆ.