ಎಲ್‌ಇಡಿ ಬಲ್ಬಿನಲ್ಲಿ ಒಂದೇ ಚಿಪ್ ಸುಟ್ಟಿದೆ, ಬೆಸೆದು ಬಳಸಬಹುದೇ?

ಪ್ರಶ್ನೆ (ಬನಶಂಕರಿಯಿಂದ)
ನಮ್ಮ ಅಡುಗೆಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ವಾರ ಮಿಣುಕಾಡಿ, ಮೊನ್ನೆ ಸಂಜೆ ಪೂರ್ತಿ ಆರಿಹೋಯಿತು. ಅದೇ ಹೋಲ್ಡರಿಗೆ ಬೇರೆ ಬಲ್ಬು ಹಾಕಿದರೆ ಉರಿಯುತ್ತದೆ. ಬಿಳಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬಿಡಿಸಿ ನೋಡಿದಾಗ, ಅಲ್ಯೂಮಿನಿಯಂ ಬಿಲ್ಲೆಯ ಮೇಲಿರುವ 12 ಹಳದಿ ಚಿಪ್‌ಗಳ ಪೈಕಿ ಒಂದರ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪು ಚುಕ್ಕೆ ಕಾಣಿಸಿತು. ಅದನ್ನು ಕಿತ್ತು ಎರಡು ತುದಿಗಳನ್ನು ಬೆಸೆದರೆ ಸಾಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ಸರಿಯೇ? ಒಂದು ಕೆಟ್ಟರೆ ಉಳಿದ ಹನ್ನೊಂದೂ ಏಕೆ ಆರಬೇಕು?

ಉತ್ತರ 1
ಆ ಚಿಪ್‌ಗಳನ್ನು ಮಾಲೆಯಂತೆ ಒಂದರ ಹಿಂದೊಂದು ಜೋಡಿಸಿರುತ್ತಾರೆ; ಒಂದು ಕಡಿದುಹೋದರೆ ವಿದ್ಯುತ್ತಿಗೆ ದಾರಿಯೇ ಇಲ್ಲ. ಆದರೆ ಬೆಸೆಯುವ ಮೊದಲು ದಯವಿಟ್ಟು ಇದನ್ನು ಗಮನಿಸಿ. 230 ವೋಲ್ಟಿನ ಎಸಿಯನ್ನು ಡಿಸಿಯಾಗಿ ಮಾರ್ಪಡಿಸಿದಾಗ ಒಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ, ಮತ್ತು ಬಲ್ಬನ್ನು ಹೋಲ್ಡರಿನಿಂದ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಮಲ್ಟಿಮೀಟರಿನಲ್ಲಿ ಅಳೆದು ನೋಡದೆ ಬಿಲ್ಲೆಯನ್ನು ಮುಟ್ಟಬೇಡಿ. ಮುಚ್ಚಳವಿಲ್ಲದೆ ಹೋಲ್ಡರಿಗೆ ಹಾಕಿ ಪರೀಕ್ಷಿಸಲೇಬೇಡಿ.

ಉತ್ತರ 2
ನಿಮ್ಮ ಪರಿಚಿತರ ಮಾತು ಅರ್ಧ ಸರಿ. ಕಾಯಿಲ್ (ತಂತಿಯ ಸುರುಳಿ) ಇರುವ ಪ್ರತ್ಯೇಕ ಡ್ರೈವರ್, ಎಂದರೆ ಚಿಪ್‌ಗಳಿಗೆ ಕರೆಂಟು ಒದಗಿಸುವ ಭಾಗ, ಬಲ್ಬಿನ ಒಡಲಿನಲ್ಲಿದ್ದರೆ ಅದು ಕರೆಂಟನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವುದರಿಂದ, ಹನ್ನೆರಡರಲ್ಲಿ ಒಂದನ್ನು ಬೆಸೆದರೂ ಬೆಳಕು ಸುಮಾರು ಶೇ. 8ರಷ್ಟು ಕುಗ್ಗುವುದೇ ಹೊರತು ಬೇರೆ ತೊಂದರೆಯಾಗುವುದು ಕಡಿಮೆ. ಕಾಯಿಲ್ ಇಲ್ಲದೆ ಕರೆಂಟನ್ನು ನಿಯಂತ್ರಿಸುವ ಸಣ್ಣ ಐಸಿಯೊಂದು ಹಳದಿ ಚಿಪ್‌ಗಳ ಪಕ್ಕದಲ್ಲೇ ಇದ್ದರೆ, ಕಿತ್ತ ಚಿಪ್ ಹೊರುತ್ತಿದ್ದ ವೋಲ್ಟೇಜೆಲ್ಲ ಆ ಐಸಿಯ ಮೇಲೆ ಬಿದ್ದು ಅದು ಇನ್ನಷ್ಟು ಬಿಸಿಯಾಗುತ್ತದೆ. ಅಂಥ ಬಲ್ಬಿಗೆ ಅದೇ ಅಳತೆಯ, ಅದೇ ವೋಲ್ಟಿನ ಚಿಪ್ ಹಾಕುವುದೇ ಸರಿ. ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಕೇಳಿ ನೋಡಿ. ಚಿಪ್‌ಗಳನ್ನು ಅಳತೆಯ ಸಂಖ್ಯೆಯಿಂದ ಗುರುತಿಸುತ್ತಾರೆ; 2835 ಎಂದರೆ 2.8 ಮತ್ತು 3.5 ಮಿಲಿಮೀಟರಿನ ಚಿಪ್. ಒಂದೇ ಚಿಪ್ಪಿನೊಳಗೆ ಎರಡು ಮೂರು ಡಯೋಡುಗಳಿರುವುದೂ ಉಂಟು. ಅವು ಮಲ್ಟಿಮೀಟರಿನಿಂದ ಪರೀಕ್ಷಿಸಿದಾಗ ಬೆಳಗುವುದಿಲ್ಲ, ಹಾಗೆಂದು ಕೆಟ್ಟಿವೆ ಎಂದು ತಿಳಿಯಬಾರದು. ಅಲ್ಯೂಮಿನಿಯಂ ಶಾಖವನ್ನು ಹೀರಿಕೊಳ್ಳುವುದರಿಂದ ಬೆಸೆಯಲು 25 ವ್ಯಾಟಿನ ಸಾಲ್ಡರಿಂಗ್ ಐರನ್ ಸಾಲದು. ಬಿಲ್ಲೆಯನ್ನು ಕೆಳಗಿನಿಂದ ಕಾಯಿಸಬೇಕು.

ಉತ್ತರ 3
ನಿಮ್ಮ ಬಲ್ಬು ಮುಚ್ಚಿದ ಗಾಜಿನ ಶೇಡಿನೊಳಗಿತ್ತೇ? ಚಿಪ್‌ಗಳನ್ನು ಬೇಗ ಕೆಡಿಸುವುದು ಬಿಸಿ. ಗಾಳಿಯಾಡದಿದ್ದರೆ ಹೊಸ ಚಿಪ್ ಹಾಕಿದರೂ, ಅಷ್ಟೇ ಬಿಸಿ ಉಂಡಿರುವ ಉಳಿದ ಹನ್ನೊಂದರಲ್ಲಿ ಮತ್ತೊಂದು ಹೋಗುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಹೌದು, ಮುಚ್ಚಿದ ಶೇಡಿನೊಳಗೇ ಇತ್ತು. ಒಳಗೆ ಕಾಯಿಲ್ ಇರಲಿಲ್ಲ. ಆದ್ದರಿಂದ ಬೆಸೆಯುವ ಯೋಚನೆ ಕೈಬಿಟ್ಟು, ಮನೆಯಲ್ಲೇ ಕೆಟ್ಟುಬಿದ್ದಿದ್ದ ಅದೇ ಮಾದರಿಯ ಇನ್ನೊಂದು ಬಲ್ಬಿನಿಂದ ಚಿಪ್ ತೆಗೆದು ಹಾಕಿಸಿದೆ. ಮುಚ್ಚಳ ಕೂರಿಸಿ ಸ್ವಿಚ್ ಹಾಕಿದಾಗ ಮಿಣುಕದೆ ಉರಿಯಿತು. ಈಗ ಅದು ಶೇಡಿಲ್ಲದ ಹೋಲ್ಡರಿನಲ್ಲಿ, ಬಾಲ್ಕನಿಯಲ್ಲಿದೆ.